ತವರಿಗೆ ಹೊರಟ ಗುಂಡಿನ ಪೆಟ್ಟಿಗೆ

ಹಂಸಭಾವಿ

ನಮ್ಮ ಕಡೆ ಯಾರನ್ನಾದರೂ "ಈ ಹೊಲ ಯಾರದ್ರಿ?" ಎಂದು ಕೇಳಿ ನೋಡಿ. ಹೊಲದವನು ಕೈಮುಗಿದು "ನಿಮ್ದರೀ" ಎನ್ನುತ್ತಾನೆ. ಮನೆ ಯಾರದು? ನಿಮ್ದರೀ. ಎಮ್ಮೆ ಯಾರದು? ಅದೂ ನಿಮ್ದರೀ. ಕೇಳಿದವರು ನಕ್ಕು ಮುಂದೆ ಹೋಗುತ್ತಾರೆಯೇ ಹೊರತು ಯಾರೂ ಎಮ್ಮೆಯ ಹಗ್ಗ ಬಿಚ್ಚಿಕೊಂಡು ಹೋಗುವುದಿಲ್ಲ. ಈ ಸೌಜನ್ಯದ ಮಾತನ್ನು ನಾನು ಇಂಗ್ಲಿಷಿನಲ್ಲಿ ಬರೆದು ಇಂಗ್ಲೆಂಡಿಗೆ ಕಳಿಸಿದೆ. ಅಲ್ಲಿಯವರು ಹಗ್ಗ ಬಿಚ್ಚಲು ತಯಾರಾಗಿ ನಿಂತರು. ನನ್ನ ವಿದೇಶ ಪ್ರವಾಸ ಶುರುವಾದದ್ದು ಹೀಗೆ.

ನಾನು ಹಂಸಭಾವಿಯ ಹೈಸ್ಕೂಲಿನಲ್ಲಿ ಕ್ರಾಫ್ಟ್ ಮಾಸ್ತರನಾಗಿ ನಿವೃತ್ತನಾದವನು. ನನ್ನ ಜೊತೆ ನಿವೃತ್ತರಾದವರು ಕಾಶಿಗೆ ಹೋದರು, ಕೆಲವರು ಊರ ರಾಜಕೀಯಕ್ಕೆ ಹೋದರು. ನಾನು ಎರಡನೆಯ ಮಹಾಯುದ್ಧದ ಕಾಲದ ಗುಂಡಿನ ಪೆಟ್ಟಿಗೆಗಳ ಹಿಂದೆ ಬಿದ್ದೆ. ಬಂದೂಕಿನ ಗುಂಡು ತುಂಬಿಸಿ ಕಳಿಸುತ್ತಿದ್ದ ಮರದ ಪೆಟ್ಟಿಗೆಗಳು ಇವು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಖಾಲಿ ಪೆಟ್ಟಿಗೆಗಳನ್ನು ಹರಾಜು ಹಾಕಿದರಂತೆ, ಅವು ಕೈಯಿಂದ ಕೈಗೆ ದಾಟಿ ನಮ್ಮ ಸಂತೆ ಪೇಟೆಗಳಲ್ಲಿ ಬಂದು ಕುಳಿತವು. ಹಾನಗಲ್ಲಿನ ಸೈಕಲ್ ಅಂಗಡಿಯಲ್ಲಿ ಒಂದು ಪೆಟ್ಟಿಗೆ ಪಂಕ್ಚರ್ ಸಾಮಾನು ತುಂಬಿಕೊಂಡಿತ್ತು. ಶಿಗ್ಗಾಂವಿಯಲ್ಲಿ ಒಬ್ಬ ಕಾಳಿನ ವ್ಯಾಪಾರಿ ಮತ್ತೊಂದರ ಮೇಲೆ ಕುಳಿತು ಇಡೀ ಆಯುಷ್ಯದ ವ್ಯಾಪಾರ ಮಾಡಿದ್ದ. ಹಿರೇಕೆರೂರಿನ ಕಟಿಂಗ್ ಅಂಗಡಿಯಲ್ಲಿ ಕುರ್ಚಿಯ ಮೇಲೆ ಪೆಟ್ಟಿಗೆ ಇಟ್ಟು, ಅದರ ಮೇಲೆ ಸಣ್ಣ ಹುಡುಗರನ್ನು ಕೂರಿಸಿ ಕೂದಲು ಕತ್ತರಿಸುತ್ತಿದ್ದರು. ನಾನೂ ಅದರ ಮೇಲೆ ಕುಳಿತು ಅತ್ತವನೇ. ಮೂರನ್ನೂ ಮನೆಗೆ ತಂದೆ. ನಾಲ್ಕನೆಯದು ಸವಣೂರಿನ ಎಲೆ ಅಂಗಡಿಯದು. ವೀಳ್ಯದೆಲೆಯನ್ನು ಒದ್ದೆ ಅರಿವೆಯಲ್ಲಿ ಸುತ್ತಿ ಅದರೊಳಗೆ ಇಡುತ್ತಿದ್ದರು. ಅಂಗಡಿಯವನಿಗೆ ಮತ್ತಿ ಕಟ್ಟಿಗೆಯ ಹೊಸ ಪೆಟ್ಟಿಗೆ ಮಾಡಿಕೊಟ್ಟು, ಅವನ ಕುಟುಂಬದ ಕಥೆಯನ್ನೆಲ್ಲ ಕೇಳಿದ ಮೇಲೆಯೇ ಅದು ನನ್ನ ಕೈಸೇರಿದ್ದು. ನಾಲ್ಕರಲ್ಲಿ ಅದೇ ನನ್ನ ಜೀವ.

ಈ ಕೆಲಸದಲ್ಲಿ ನನಗೆ ಒಂದೇ ನಿಯಮ. ಹಳೆಯ ಗುರುತು ಒಂದೂ ಅಳಿಯಬಾರದು, ಹೊಸ ಗುರುತು ಒಂದೂ ಬೀಳಬಾರದು. ಉಸುಕಿನ ಕಾಗದ ಹಚ್ಚುವುದಿಲ್ಲ, ವಾರ್ನಿಷ್ ಬಳಿಯುವುದಿಲ್ಲ. ಹಳೆಯ ಧೋತರದ ತುಂಡಿಗೆ ಕುಸುಬಿ ಎಣ್ಣೆ ಅದ್ದಿ ತಿಕ್ಕುತ್ತೇನೆ, ಅಷ್ಟೇ. ಎರಡು ಬದಿಯ ಹಗ್ಗದ ಹಿಡಿಕೆ ಕೊಳೆತಿದ್ದರೆ ಮಾತ್ರ ಪುಂಡಿ ಗಿಡದ ನಾರನ್ನು ನಾನೇ ಹೊಸೆದು ಹಾಕುತ್ತೇನೆ. ಈ ನಿಯಮಕ್ಕೆ ಮನೆಯಲ್ಲಿ ಒಬ್ಬಳೇ ವೈರಿ, ನಮ್ಮ ಅವ್ವ ಗೌರವ್ವ. ಪ್ರತಿ ವರ್ಷ ಆಯುಧ ಪೂಜೆಯ ದಿನ ನಾನು ಜಳಕಕ್ಕೆ ಹೋದಾಗ ನಾಲ್ಕೂ ಪೆಟ್ಟಿಗೆಗೆ ವಿಭೂತಿ ಬಳಿದು ಕುಂಕುಮ ಇಟ್ಟುಬಿಡುತ್ತಾಳೆ.

"ಯವ್ವಾ, ಇದಕ್ಕ ಏನೂ ಹಚ್ಚಬ್ಯಾಡ ಅಂತ ಎಷ್ಟ ಸಲ ಹೇಳಬೇಕ ಬೇ?"

"ಗುಂಡಿನ ಪೆಟಗಿ ಅಂತೀ. ಗುಂಡು ಅಂದ್ರ ಆಯುಧ ಹೌದಿಲ್ಲೋ? ಕುಡಗೋಲಿಗೆ ಹಚ್ಚಿ ಇದಕ್ಕ ಬಿಟ್ರ ಅದು ಏನ ತಿಳ್ಕೊಂಡೀತು?"

ಮೂವತ್ತು ವರ್ಷ ಪಾಠ ಹೇಳಿದ ನಾನು ಧೋತರದ ತುಂಡು ಹಿಡಿದು ಒರೆಸಲು ಕೂರುತ್ತೇನೆ.

ಸವಣೂರಿನ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಎಣ್ಣೆ ತಿಕ್ಕುವಾಗ ಒಂದು ದಿನ ಪೆನ್ಸಿಲಿನ ಅಕ್ಷರ ಕಂಡವು. ಇಂಗ್ಲಿಷಿನಲ್ಲಿ ಒಂದೇ ಸಾಲು: "ಈಡಿತ್. ನನ್ನ ಕಾಲು ತಣ್ಣಗಾಗಿವೆ." ಪಕ್ಕದಲ್ಲಿ ಒಂದು ಕೋಳಿಯ ಚಿತ್ರ. ಎಣ್ಣೆ ಕೈಯಲ್ಲೇ ಫೋಟೋ ತೆಗೆದು, ಇಂಥ ಪೆಟ್ಟಿಗೆ ಕೂಡಿಸುವವರ ಗುಂಪೊಂದಕ್ಕೆ ಮೊಬೈಲಿನಲ್ಲಿ ಕಳಿಸಿದೆ. ಕೆಲವು ತಿಂಗಳ ಮೇಲೆ ಇಂಗ್ಲೆಂಡಿನ ಒಂದು ಹಳ್ಳಿಯಿಂದ ಮಾರ್ಗರೆಟ್ ಎಂಬ ಎಪ್ಪತ್ತೆಂಟರ ಮುದುಕಿ ಬರೆದರು. ಈಡಿತ್ ಅವರ ತಾಯಿ. ಹತ್ತೊಂಬತ್ತರ ವಯಸ್ಸಿನಲ್ಲಿ ಯುದ್ಧದ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಮೊಳೆ ಹೊಡೆಯುತ್ತಿದ್ದರಂತೆ. ಹಾಲಿನವನಿಗೆ ಬರೆದ ಚೀಟಿಯಲ್ಲೂ ಆ ಕೋಳಿಯನ್ನೇ ಬರೆಯುತ್ತಿದ್ದರಂತೆ. "ಎಷ್ಟು ಚೆಂದದ ಪೆಟ್ಟಿಗೆ ನಿಮ್ಮದು!" ಎಂದು ಕೊನೆಗೆ ಸೇರಿಸಿದ್ದರು.

ಹೊಗಳಿದವರಿಗೆ ನಮ್ಮ ಕಡೆಯವರು ಏನು ಹೇಳುತ್ತಾರೋ ಅದನ್ನೇ ನಾನೂ ಬರೆದೆ. "ಮೇಡಂ, ಇದು ನಿಮ್ಮದೇ."

ಮರುದಿನ ಉತ್ತರ ಬಂತು. ಅವರು ಸಂತೋಷದಿಂದ ಅತ್ತರಂತೆ. ಬೆಂಕಿಗೂಡಿನ ಪಕ್ಕದ ಮೇಜು ತೆಗೆಸಿ ಪೆಟ್ಟಿಗೆಗೆ ಜಾಗ ಮಾಡಿದ್ದಾರಂತೆ. ನಾನೇ ತಂದುಕೊಡುವುದಾದರೆ ವಾರವಿಡೀ ಅವರ ಮನೆಯ ಅತಿಥಿಯಾಗಿ ಇರಬೇಕಂತೆ.

ಹೆಂಡತಿ ಶಾಂತಾ ಓದಿ, ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆ ಮನೆಗೆ ಹೋದಳು. ಅಲ್ಲಿಂದ ನಗೆ ಕೇಳಿಸಿತು. "ನಾನು ಹಾಗೆ ಹೇಳಲಿಲ್ಲ" ಎಂದು ಬರೆಯಲು ಕೂತೆ, ಸಂತೋಷದಿಂದ ಅತ್ತ ಮುದುಕಿಗೆ ಹಾಗೆ ಬರೆಯಲು ಕೈ ಏಳಲಿಲ್ಲ. ಕೊನೆಗೆ ಒಂದು ಉಪಾಯ ಮಾಡಿದೆ. ಪೆಟ್ಟಿಗೆ ಒಯ್ಯುವುದು, ತೋರಿಸುವುದು, ಎದುರು ಕೂತು ನಯವಾಗಿ ತಿಳಿಸಿ ಹೇಳಿ, ವಾಪಸ್ಸು ತರುವುದು. ಏನೇ ಆಗಲಿ ಪೆಟ್ಟಿಗೆ ಬಿಟ್ಟು ಬರಬಾರದು ಎಂದು ದೇವರ ಮನೆಯ ಮುಂದೆ ನಿಂತು ನಿಶ್ಚಯ ಮಾಡಿದೆ.

ಅವ್ವನ ತಲೆಯಲ್ಲಿ ಬೇರೆಯೇ ನಡೆದಿತ್ತು.

"ಕಾಲು ತಣ್ಣಗಾಗ್ಯಾವ ಅಂತ ಬರದಾಳಲ್ಲ, ಯಾರೂ ಏನೂ ಹೊದಸಲಿಲ್ಲೇನು ಆಕಿಗೆ?"

"ಎಂಬತ್ತು ವರ್ಷದ ಹಿಂದಿನ ಮಾತ ಬೇ. ಆಕಿ ಸತ್ತು ಹೋಗ್ಯಾಳ."

"ಮಗಳ ಅದಾಳಲ್ಲ. ತಾಯಿದು ತಣ್ಣನ ಕಾಲು ಅಂದ್ರ ಮಗಳದೂ ತಣ್ಣಗ ಇರ್ತಾವ."

ಹದಿನೈದು ದಿನ ಕೂತು ಹಳೆಯ ಸೀರೆಯ ತುಂಡು ಜೋಡಿಸಿ ಒಂದು ಪುಟ್ಟ ಕೌದಿ ಹೊಲಿದಳು. ಹೊರಡುವ ಹಿಂದಿನ ದಿನ ನೋಡುತ್ತೇನೆ, ಪೆಟ್ಟಿಗೆಯ ತಳಕ್ಕೆ ಕೌದಿ, ಅದರ ಮೇಲೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ. ನಾನು ತಲೆ ಚಚ್ಚಿಕೊಂಡೆ.

"ತವರಿಗೆ ಹೊಂಟಾಕಿ ಬರಿಗೈಲೆ ಹೋಗ್ತಾಳೇನೋ?" ಎಂದಳು ಅವ್ವ.

"ಅದು ಪೆಟಗಿ ಬೇ!"

"ಪೆಟಗಿ ಇರ್ಲಿ. ಹೆಸರು ಹೆಣ್ಮಗಳದು ಐತಿ."

ಗೋಣಿಚೀಲ ಸುತ್ತಿ ದಬ್ಬಣದಿಂದ ತಾನೇ ಬಾಯಿ ಹೊಲಿದಳು. ಬಿಚ್ಚಿದರೆ ಮತ್ತೆ ಹೊಲಿಯಲು ಬೇಕಾದೀತೆಂದು ದಬ್ಬಣವನ್ನೂ ಚೀಲದ ಮಡಿಕೆಯಲ್ಲಿ ಚುಚ್ಚಿಟ್ಟಳು. ಅದನ್ನು ಮಾತ್ರ ನನಗೆ ಹೇಳಲಿಲ್ಲ.

ವಿಮಾನ ನಿಲ್ದಾಣ

ಸಾಮಾನು ತಪಾಸಣೆಯ ಪರದೆಯ ಮೇಲೆ ನನ್ನ ಪೆಟ್ಟಿಗೆ ಬಂದಾಗ ಅಧಿಕಾರಿಯ ಹುಬ್ಬು ಮೇಲೇರಿತು. ಗೇಣುದ್ದದ ಸೂಜಿ ಕಂಡಿತ್ತು. ಚೀಲ ಬಿಚ್ಚಿಸಿದರು. ಒಳಗಿನಿಂದ ದೊಡ್ಡ ಕಪ್ಪು ಅಕ್ಷರದಲ್ಲಿ ಇಂಗ್ಲಿಷಿನ "ಮದ್ದುಗುಂಡು" ಎಂಬ ಬರಹ ಇಣುಕಿತು. ಒಂದಾಳು ಮೂರಾಯಿತು.

"ಏನ್ ಸಾರ್ ಇದು?"

"ಗುಂಡಿನ ಪೆಟಗಿ ಅದರೀ."

ಈ ಮಾತು ಹೇಳಬಾರದಿತ್ತು. ಮೂರಾಳು ಐದಾಯಿತು.

"ಒಳಗೇನಿದೆ?"

"ರೊಟ್ಟಿ ಅದಾವ್ರಿ."

ಒಬ್ಬರು ಮುಚ್ಚಳ ತೆಗೆದು, ದೂರ ನಿಂತು, ಒಂದು ಖಡಕ್ ರೊಟ್ಟಿಯನ್ನು ಎರಡೇ ಬೆರಳಿನಲ್ಲಿ ಎತ್ತಿದರು. ಬೆಳಕಿಗೆ ಹಿಡಿದರು. ಬೆರಳಿನಿಂದ ತಟ್ಟಿದರು, ಟಣ್ ಎಂದಿತು. ಇದು ತಿನ್ನುವುದು ಎಂದು ತೋರಿಸಿಕೊಡಲು ನಾನೇ ಒಂದು ಮುರಿದು ಬಾಯಿಗೆ ಹಾಕಿಕೊಂಡೆ. ನಾನು ರೊಟ್ಟಿ ಕಡಿಯುವ ಸದ್ದು ಆಚೆ ಸಾಲಿನವರೆಗೂ ಕೇಳಿಸಿತು. ಹಿರಿಯ ಅಧಿಕಾರಿ ಬಂದು ಚಟ್ನಿಯ ವಾಸನೆ ನೋಡಿ, ನಗು ತಡೆದುಕೊಂಡು, ಹೋಗಿ ಎಂದರು. ದಬ್ಬಣ ನನ್ನ ಕೈಗೇ ಬಂತು. ಅಷ್ಟು ಜನರ ನಡುವೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಗೋಣಿಚೀಲ ಹೊಲಿದೆ. ಅವ್ವ ಇದ್ದಿದ್ದರೆ ನನ್ನ ಹೊಲಿಗೆ ನೋಡಿ ಬಿಚ್ಚಿಸುತ್ತಿದ್ದಳು.

ಮಾರ್ಗರೆಟ್ ಅವರ ಮನೆ

ವಿಮಾನ ಇಳಿದು, ರೈಲು ಇಳಿದು, ಕೊನೆಗೆ ಒಂದು ಬಸ್ಸು ಹತ್ತಿದೆ. ಇಳಿಯುವ ಪ್ರತಿಯೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಿದ್ದರು. ಆದರೆ ಯಾವ ಊರು, ಯಾರ ಪೈಕಿ, ಮಕ್ಕಳೆಷ್ಟು ಎಂದು ನನ್ನನ್ನು ಒಬ್ಬರೂ ಕೇಳಲಿಲ್ಲ. ಗೋಣಿಚೀಲದ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತ ಮನುಷ್ಯನನ್ನು ನೋಡಿಯೂ ನೋಡದಂತೆ ಇರಬೇಕೆಂದರೆ ಎಂಥ ಸಂಯಮ ಬೇಕು! ನಮ್ಮ ಕಡೆಯ ತಿಳವಳ್ಳಿ ಬಸ್ಸಾಗಿದ್ದರೆ ಎರಡು ಸ್ಟಾಪು ಕಳೆಯುವಷ್ಟರಲ್ಲಿ ಚೀಲದೊಳಗೇನಿದೆ ಎಂಬುದು ಇಡೀ ಬಸ್ಸಿಗೆ ಗೊತ್ತಾಗಿ, ಅರ್ಧ ರೊಟ್ಟಿಯೂ ಖರ್ಚಾಗಿರುತ್ತಿತ್ತು.

ಮಾರ್ಗರೆಟ್ ಬಾಗಿಲಲ್ಲೇ ನಿಂತಿದ್ದರು. ಗುಬ್ಬಿಯಂಥ ಸಣ್ಣ ಹೆಂಗಸು. ಪಕ್ಕದಲ್ಲಿ ಭಾರೀ ಎತ್ತರದ ನೆರೆಮನೆಯವರು, ಕೀತ್. ಇವರೂ ನನ್ನಂತೆಯೇ ಪೆಟ್ಟಿಗೆಯ ಹುಚ್ಚಿನವರು, ಗುಂಪಿನಲ್ಲಿ ನನ್ನ ಫೋಟೋ ನೋಡಿ ಮಾರ್ಗರೆಟ್ ಅವರಿಗೆ ತೋರಿಸಿದವರು. ಬಿಳಿ ಕೈಗವಸು ತೊಟ್ಟುಕೊಂಡೇ ಬಂದಿದ್ದರು.

ಬೆಂಕಿಗೂಡಿನ ಪಕ್ಕ ಚೊಕ್ಕ ಮಾಡಿಟ್ಟ ಜಾಗ ಕಣ್ಣಿಗೆ ಬಿತ್ತು. ಅಲ್ಲೇ ಪೆಟ್ಟಿಗೆ ಇಟ್ಟು, ಗೋಣಿಚೀಲ ಬಿಚ್ಚಿ, ಮುಚ್ಚಳ ತೆಗೆದು ತಿರುಗಿಸಿ ಹಿಡಿದೆ. ಮಾರ್ಗರೆಟ್ ಕನ್ನಡಕ ಹಾಕಿಕೊಂಡು ಆ ಸಾಲು ಓದಿದರು. ಅಳುತ್ತಾರೆಂದು ನಾನು ಸಿದ್ಧನಾಗಿದ್ದೆ, ಅವರು ಬಿದ್ದು ಬಿದ್ದು ನಕ್ಕರು.

"ಸಾಯುವವರೆಗೂ ಇದೇ ಹೇಳುತ್ತಿದ್ದಳು," ಎಂದರು. "ಬೇಸಿಗೆಯಲ್ಲೂ!"

ನಕ್ಕು ಮುಗಿಸಿದ ಮೇಲೆ ಅತ್ತರು. ನಾನು ಏನು ಮಾಡಬೇಕೆಂದು ತಿಳಿಯದೆ ಕೌದಿ ಎತ್ತಿ ಕೊಟ್ಟೆ. ಈಡಿತ್ ಅವರ ಕಾಲಿಗೆಂದು ನಮ್ಮ ಅವ್ವ ಹೊಲಿದದ್ದು, ಅವರಿಲ್ಲದಿದ್ದರೆ ಮಗಳ ಕಾಲಿಗೆ ಎಂದಿದ್ದಾಳೆ ಎಂದು ತಿಳಿಸಿದೆ. ಅವರು ಕುರ್ಚಿಯಲ್ಲಿ ಕೂತು, ಚಪ್ಪಲಿ ಕಳಚಿ, ಎರಡೂ ಪಾದಕ್ಕೆ ಕೌದಿ ಸುತ್ತಿಕೊಂಡರು. ಆ ವಾರವಿಡೀ ಅವರನ್ನು ಕೌದಿ ಬಿಟ್ಟು ನಾನು ನೋಡಿದ್ದು ಕಡಿಮೆ.

ಚಹಾದ ಹೊತ್ತಿಗೆ ಅವರು ಮೇಜಿನ ಮೇಲೆ ಒಬ್ಬೊಬ್ಬರ ಮುಂದೆ ಒಂದೊಂದು ಖಡಕ್ ರೊಟ್ಟಿ ಇಟ್ಟು, ಅದರ ಮೇಲೆ ಬ್ರೆಡ್ಡು, ಸೌತೆಕಾಯಿ ಹೋಳು ಜೋಡಿಸಿದರು. ರೊಟ್ಟಿಯನ್ನು ಅವರು ನಮ್ಮ ಕಡೆಯ ತಟ್ಟೆ ಎಂದುಕೊಂಡಿದ್ದರು. ಕೀತ್ ಎಲ್ಲ ತಿಂದು ತಟ್ಟೆಯನ್ನು ಶಿಸ್ತಾಗಿ ಪಕ್ಕಕ್ಕೆ ಸರಿಸಿದರು. ನಾನು ನನ್ನ ತಟ್ಟೆ ಮುರಿದು ಚಟ್ನಿ ಹಚ್ಚಿ ತಿನ್ನತೊಡಗಿದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಭ್ಯರು, ಏನೂ ಕೇಳಲಿಲ್ಲ. ನಾನೇ ವಿಷಯ ತಿಳಿಸಿದ ಮೇಲೆ ಕೀತ್ ಪಕ್ಕಕ್ಕೆ ಸರಿಸಿದ ತಟ್ಟೆಯನ್ನು ಮತ್ತೆ ಎಳೆದುಕೊಂಡರು.

ಕೀತ್ ಅವರ ತನಿಖೆ

ಮರುದಿನ ಕೀತ್ ಭೂತಗನ್ನಡಿ ಹಿಡಿದು ಪೆಟ್ಟಿಗೆಯ ಸುತ್ತ ಮೊಣಕಾಲೂರಿದರು. ನಾನು ಪರೀಕ್ಷೆಗೆ ಬಂದ ಹುಡುಗನಂತೆ ನಿಂತೆ. ಮೂಲೆಯ ಕೆಂಪು ಕಲೆ ಏನು? ಕುಂಕುಮ. ಈ ಬೂದು ಗೆರೆ? ವಿಭೂತಿ. ಎರಡಕ್ಕೂ ನಮ್ಮ ಅವ್ವನೇ ಕಾರಣ ಎಂದು ಅಲ್ಲೇ ಅವಳ ಮೇಲೆ ಚಾಡಿ ಹೇಳಿದೆ. ಕೀತ್ ನಿಟ್ಟುಸಿರು ಬಿಟ್ಟು ನನ್ನ ಹೆಗಲ ಮೇಲೆ ಕೈ ಇಟ್ಟರು. ಅವರ ಹೆಂಡತಿ ಒಂದು ಪೆಟ್ಟಿಗೆಯ ಮೇಲೆ ಹೂಕುಂಡ ಇಟ್ಟಿದ್ದರಂತೆ.

ಹಗ್ಗದ ಹಿಡಿಕೆಗೆ ಬಂದಾಗ ಮಾತ್ರ ಅವರು ಮೂಗು ಮುರಿದರು. "ಇದು ಮೂಲದ್ದಲ್ಲ."

"ಎಲೆಯ ನೀರಿಗೆ ಮೂಲದ್ದು ಕೊಳೆತಿತ್ತು," ಎಂದೆ.

"ಕೊಳೆತರೂ ಮೂಲದ್ದು ಮೂಲದ್ದೇ." ಹೀಗೆಂದವರು ತಮ್ಮ ಮನೆಗೆ ಹೋಗಿ ತಮ್ಮದೊಂದು ಪೆಟ್ಟಿಗೆ ತಂದರು. "ನೋಡಿ, ಯುದ್ಧದ ಕಾಲದ್ದೇ ಹಗ್ಗ. ಮುಟ್ಟಿಲ್ಲ, ಬದಲಿಸಿಲ್ಲ." ತೋರಿಸಲೆಂದು ಹಿಡಿಕೆ ಹಿಡಿದು ಎದೆಯೆತ್ತರಕ್ಕೆ ಎತ್ತಿದರು. ಹಗ್ಗ ಫಟ್ಟನೆ ಹರಿದು ಪೆಟ್ಟಿಗೆ ಅವರ ಕಾಲ ಹೆಬ್ಬೆರಳ ಮೇಲೆ ಕೂತಿತು. ಕೀತ್ ಒಂದು ಕಾಲಿನಲ್ಲಿ ಕುಣಿಯುತ್ತ ಪೆಟ್ಟಿಗೆಗೆ "ಸಾರಿ" ಎಂದರು. ಆ ದೇಶದಲ್ಲಿ ಪೆಟ್ಟು ತಿಂದವರೇ ಕ್ಷಮೆ ಕೇಳುವ ಪದ್ಧತಿ ಇದೆ. ನನ್ನ ಚೀಲದಲ್ಲಿ ಪುಂಡಿ ನಾರಿನ ಒಂದು ಸಿಂಬಿ ಇತ್ತು. ಮಧ್ಯಾಹ್ನದೊಳಗೆ ಅವರ ಪೆಟ್ಟಿಗೆಗೂ ಎರಡು ಹಿಡಿಕೆ ಹೊಸೆದು ಕೊಟ್ಟೆ. ಮೂಲದ್ದರ ಮಾತು ಮತ್ತೆ ಅವರು ಎತ್ತಲಿಲ್ಲ.

ನಾನು ಹಗ್ಗ ಹೊಸೆಯುವಾಗ ಮಾರ್ಗರೆಟ್ ಕೇಳಿದರು, "ಈ ತಿಂಡಿಯನ್ನೆಲ್ಲ ನಿಮ್ಮ ತಾಯಿ ನನಗೆ ಕಳಿಸಿದರೇ?"

"ನಿಮಗಲ್ಲ, ಪೆಟ್ಟಿಗೆಗೆ," ಎಂದೆ. ಹಾಗೆನ್ನುವುದಕ್ಕೆ ಕಾರಣವನ್ನೂ ಹೇಳಬೇಕಾಯಿತು. ಮದುವೆಯಾದ ಹೆಣ್ಣುಮಗಳು ತವರಿಗೆ ಹೋಗುವಾಗ ಬುತ್ತಿ ಕಟ್ಟಿಕೊಂಡು ಹೋಗುತ್ತಾಳೆ. ಹೊರಡುವಾಗ ತವರಿನವರು ಉಡಿ ತುಂಬುತ್ತಾರೆ. ಅಂದರೆ ಅವಳ ಸೆರಗಿನೊಳಗೆ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಬಟ್ಟೆ ಹಾಕುತ್ತಾರೆ.

"ಆಮೇಲೆ?" ಎಂದರು ಮಾರ್ಗರೆಟ್.

"ಆಮೇಲೆ ಅವಳು ತನ್ನ ಮನೆಗೆ ವಾಪಸ್ಸು ಹೋಗುತ್ತಾಳೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ನಿಜ ಹೇಳಬೇಕೆಂದರೆ ವಿಮಾನದಲ್ಲಿ ಕೂತು ಇದೇ ಮಾತನ್ನು ಉಪಾಯವಾಗಿ ಬಳಸಬೇಕೆಂದು ಯೋಚಿಸಿದ್ದೆ. ಆದರೆ ಕೌದಿಯಲ್ಲಿ ಸುತ್ತಿದ ಆ ಎರಡು ಪಾದ ನೋಡುತ್ತ ಹೇಳಿದಾಗ ನನ್ನ ಮೇಲೆ ನನಗೇ ನಾಚಿಕೆಯಾಯಿತು. ಎದ್ದು ನಿಂತು, "ಈ ಪೆಟ್ಟಿಗೆ ನಿಮ್ಮದೇ ಮೇಡಂ" ಎಂದೆ. ಹುಟ್ಟಿದಾಗಿನಿಂದ ಸಾವಿರ ಸಲ ಹೇಳಿದ ಮಾತು ಅದು. ಮನಸ್ಸಿಟ್ಟು ಹೇಳಿದ್ದು ಅಂದೇ ಮೊದಲು. ಹೇಳಿದ ಮೇಲೆ ಸಂಕಟವಾಯಿತು, ಅದನ್ನೇಕೆ ಮುಚ್ಚಿಡಲಿ?

ಎದುರು ಮನೆಯ ಲಾರಿ

ನಾಲ್ಕನೆಯ ದಿನ ಎದುರು ಮನೆಯ ಮುಂದೆ ಒಂದು ಲಾರಿ ನಿಂತಿತು. ಇಬ್ಬರು ಒಳಗಿನಿಂದ ಮಂಚ, ಕಪಾಟು, ಕಪ್ಪು-ಬಸಿ, ಕಟ್ಟು ಹಾಕಿದ ಫೋಟೋ ಎಲ್ಲ ತಂದು ತುಂಬುತ್ತಿದ್ದರು. ಯಾರಾದರೂ ಬೇರೆ ಊರಿಗೆ ಹೊರಟಿದ್ದಾರೆಯೇ ಎಂದು ಕೇಳಿದೆ.

"ಅಲ್ಲಿದ್ದವಳು ಹೋದ ತಿಂಗಳು ಸತ್ತಳು. ಹಿಂದೆ ಮುಂದೆ ಯಾರೂ ಇಲ್ಲ. ಅಂಥವರ ಮನೆ ಖಾಲಿ ಮಾಡಲು ಈ ಲಾರಿ ಬರುತ್ತದೆ," ಎಂದರು ಮಾರ್ಗರೆಟ್.

ನಮ್ಮಲ್ಲಿ ಒಂದು ತಂಬಿಗೆ ಬಿಟ್ಟು ಸತ್ತರೂ ಅದಕ್ಕೆ ಆರು ಜನ ಜಗಳಾಡುತ್ತಾರೆ ಎಂದೆ. ಅವರು ನಗಲಿಲ್ಲ. ಕಿಟಕಿಯ ಬಳಿ ನಿಂತು ಲಾರಿ ಹೋಗುವವರೆಗೂ ನೋಡಿದರು. ತಮಗೂ ಮಕ್ಕಳಿಲ್ಲ ಎಂದು ಅವರು ಮೊದಲೇ ಬರೆದದ್ದು ನನಗೆ ಆಗ ನೆನಪಾಯಿತು, ಆಡಿದ ಮಾತಿಗೆ ಕೆಡುಕೆನಿಸಿತು.

ಹೊರಡುವ ದಿನ

ಬೆಳಿಗ್ಗೆ ಪೆಟ್ಟಿಗೆಯನ್ನು ಕೊನೆಯ ಸಲ ಸವರಿ ಬರೋಣವೆಂದು ಕೆಳಗಿಳಿದೆ. ಬೆಂಕಿಗೂಡಿನ ಪಕ್ಕ ಪೆಟ್ಟಿಗೆ ಇರಲಿಲ್ಲ. ಬಾಗಿಲ ಬಳಿ, ನನ್ನ ಚೀಲದ ಪಕ್ಕ ಇತ್ತು. ಕೀತ್ ಬೆವರೊರೆಸಿಕೊಳ್ಳುತ್ತ ನಿಂತಿದ್ದರು.

"ಎರಡು ಪೇಟೆ ಸುತ್ತಿದೆ," ಎಂದರು. "ಒಂದು ತೆಂಗಿನಕಾಯಿಗಾಗಿ!"

ಮುಚ್ಚಳ ತೆಗೆದು ನೋಡಿದೆ. ಒಂದು ಪುಟ್ಟ ಚೀಲ ಅಕ್ಕಿ. ಕೀತ್ ಅವರ ತೆಂಗಿನಕಾಯಿ. ಹೂವಿನ ಚಿತ್ತಾರದ ಒಂದು ಗಜ ಬಟ್ಟೆ, ಅದು ಈಡಿತ್ ಅವರ ಪರದೆಯದಂತೆ. ಒಂದು ಬಾಟಲಿ ಕಿತ್ತಳೆ ಮುರಬ್ಬ. ಮಾರ್ಗರೆಟ್ ಕೈಯಲ್ಲಿ ಒಂದು ಚೀಟಿ ಇತ್ತು. ನಾನು ಅಂದು ಹೇಳಿದ್ದನ್ನೆಲ್ಲ ಬರೆದಿಟ್ಟುಕೊಂಡು, ಒಂದೊಂದೇ ಗುರುತು ಹಾಕಿದ್ದರು.

"ಇದು ನಿಮ್ಮದು ಎಂದು ಹೇಳಿದೆನಲ್ಲ," ಎಂದೆ.

"ನನ್ನದೇ. ಅದಕ್ಕೇ ಉಡಿ ತುಂಬಿದೆ," ಎಂದರು. "ಇಲ್ಲಿಟ್ಟರೆ ನನ್ನ ನಂತರ ಇದು ಆ ಲಾರಿ ಹತ್ತುತ್ತದೆ. ನಿಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಕೆಂಪು ಪುಡಿ ಹಚ್ಚುವವರಾದರೂ ಇದ್ದಾರೆ. ಕೌದಿ ಮಾತ್ರ ಕೊಡುವುದಿಲ್ಲ." ಮತ್ತೆ ಏನೋ ನೆನಪಾಗಿ ಒಳಗೆ ಹೋಗಿ, ಬೆರಳುದ್ದದ ಒಂದು ಚಪ್ಪಟೆ ಪೆನ್ಸಿಲ್ ತಂದು ಅಕ್ಕಿಯೊಳಗೆ ಸಿಕ್ಕಿಸಿದರು. ಬಡಗಿಗಳ ಪೆನ್ಸಿಲ್. ಈಡಿತ್ ಕಾರ್ಖಾನೆಯಿಂದ ಎತ್ತಿಕೊಂಡು ಬಂದದ್ದಂತೆ.

ನಾನು ಬಗ್ಗಿ ಮಾರ್ಗರೆಟ್ ಅವರ ಕಾಲಿಗೆ ನಮಸ್ಕರಿಸಿದೆ. ಏನೋ ಬಿದ್ದಿದೆ, ಹುಡುಕುತ್ತಿದ್ದಾನೆ ಎಂದುಕೊಂಡು ಕೀತ್ ಕೂಡ ಬಗ್ಗಿದರು.

ಮತ್ತೆ ಹಂಸಭಾವಿ

ಇಂಗ್ಲೆಂಡಿನಿಂದ ತೆಂಗಿನಕಾಯಿ ತಂದವನು ನಮ್ಮ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಬಸ್ಸು ಇಳಿಯುವಾಗ ಅಭ್ಯಾಸಬಲದಿಂದ ಡ್ರೈವರನಿಗೆ ಥ್ಯಾಂಕ್ಸ್ ಹೇಳಿದೆ. "ಯಾಕ್ರೀ ಮಾಸ್ತರ, ಆರಾಮ ಅದೀರಿಲ್ಲೋ?" ಎಂದು ಅವನು ಗಾಬರಿಯಾದ.

ಅವ್ವ ಪಡಸಾಲೆಯಲ್ಲಿ ಪೆಟ್ಟಿಗೆ ಇಳಿಸಿಕೊಂಡು ಒಂದೊಂದೇ ತೆಗೆದಳು.

"ಅಕ್ಕಿ ಐತಿ. ಕಾಯಿ ಐತಿ. ಖಣ ಐತಿ. ಅರಿಷಿಣ ಕುಂಕುಮ ಇಲ್ಲ."

"ಅವರ ಕಡೆ ಸಿಗೂದಿಲ್ಲ ಬೇ."

"ಇರ್ಲಿ ಬಿಡು, ಪಾಪ. ಆ ಹೆಣ್ಮಗಳ ಕಾಲು?"

"ಬೆಚ್ಚಗ ಅದಾವ."

ಅವ್ವ ತಲೆಯಾಡಿಸಿ, ಅಕ್ಕಿಯೊಳಗಿಂದ ಪೆನ್ಸಿಲ್ ಎತ್ತಿದಳು. ಅದು ಯಾರದೆಂದು ಹೇಳಿದೆ. ಹಿಂದೆ ಮುಂದೆ ತಿರುಗಿಸಿ ನೋಡಿ, ತುದಿಯನ್ನು ನಾಲಿಗೆಗೆ ಮುಟ್ಟಿಸಿದಳು.

"ಮುಚ್ಚಳ ಹಿಡಿ."

"ಯಾಕ?"

"ಹಿಡಿ ಅಂದ್ರ ಹಿಡಿ. ಆಕಿ ಬರದು ಎಷ್ಟ ವರ್ಷ ಆತು, ಯಾರೂ ಹೊಳ್ಳಿ ಒಂದ ಮಾತ ಬರದಿಲ್ಲ."

ಹೊಸ ಗುರುತು ಒಂದೂ ಬೀಳಬಾರದು. ಬಾಯಿ ತೆರೆದೆ. ಎದುರಿಗೆ ಎರಡನೆಯ ಇಯತ್ತೆಗೆ ಶಾಲೆ ಬಿಟ್ಟ ಅವ್ವ ಸೆರಗು ಸಿಕ್ಕಿಸಿಕೊಂಡು, ಪೆನ್ಸಿಲ್ ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಬಾಯಿ ಮುಚ್ಚಿಕೊಂಡು ಮುಚ್ಚಳವನ್ನು ನನ್ನ ಮೊಣಕಾಲ ಮೇಲೆ ಆನಿಸಿ ಹಿಡಿದೆ.

"ಗಟ್ಟಿ ಹಿಡಿಯೋ, ಅಳ್ಳಾಡಾಕತ್ತೈತಿ."

ಗಟ್ಟಿ ಹಿಡಿದೆ. ಈಡಿತ್ ಬರೆದ ಸಾಲಿನ ಕೆಳಗೆ, ಕೋಳಿಗೆ ತಾಗದಂತೆ, ಅವ್ವ ಒಂದೊಂದೇ ಅಕ್ಷರ ಒತ್ತಿ ಒತ್ತಿ ಬರೆದಳು:

"ಗೌರವ್ವ. ನನ್ನ ಮೊಣಕಾಲು ಭಾಳ ನೋಯತಾವು."